ಕೈರಲ್ ವಿಶ್ಲೇಷಣೆಗೆ ಮಾದರಿ ಸಿದ್ಧಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧ ಕಂಪನಿಗಳ ಕಿರಿಯ ವಿಶ್ಲೇಷಕರು, ಪಿಎಚ್‌ಡಿ ವಿದ್ಯಾರ್ಥಿಗಳು, ಅಪರೂಪಕ್ಕೆ ಕಾಳುಮೆಣಸಿನ ವ್ಯಾಪಾರಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೈರಲ್ ಅಣುವೆಂದರೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪಗಳಲ್ಲಿ ಇರಬಲ್ಲ ಅಣು. ಆ ಒಂದೊಂದು ರೂಪವನ್ನೂ ಇಲ್ಲಿ 'ಕೈ' ಎನ್ನುತ್ತೇನೆ. ಎಚ್‌ಪಿಎಲ್‌ಸಿ ಯಂತ್ರವನ್ನು, ಅಂದರೆ ಮಾದರಿಯ ದ್ರಾವಣವನ್ನು ಕಾಲಂ ಎಂಬ ಕೊಳವೆಯ ಮೂಲಕ ಹರಿಸಿ ಅಣುಗಳನ್ನು ಬೇರ್ಪಡಿಸುವ ಯಂತ್ರವನ್ನು, ನಡೆಸಲು ನಿಮಗೆ ಬರುತ್ತದೆ ಎಂದುಕೊಂಡೇ ಬರೆದಿದ್ದೇನೆ. ಯಂತ್ರದ ಮುಂದೆ ಕೂರುವುದಕ್ಕೆ ಮೊದಲು ಮೇಜಿನ ಮೇಲೆ ನಡೆಯುವ ಕೆಲಸವಷ್ಟೇ ಇಲ್ಲಿನ ವಿಷಯ.

ತೂಗಿ, ಕರಗಿಸಿ, ಸೋಸಿ, ಇಂಜೆಕ್ಟ್ ಮಾಡಿದರೆ ಸಾಲದೇ? ಕೈರಲ್ ಮಾದರಿಯಲ್ಲಿ ಅಂಥ ವಿಶೇಷವೇನಿದೆ?

ದೇವಸ್ಥಾನದ ಮುಂದೆ ಬಿಟ್ಟ ಚಪ್ಪಲಿಗಳ ರಾಶಿಯನ್ನು ನೆನಪಿಸಿಕೊಳ್ಳಿ. ಒಟ್ಟು ಎಷ್ಟು ಚಪ್ಪಲಿಗಳಿವೆ ಎಂಬುದು ಸಾಮಾನ್ಯ ವಿಶ್ಲೇಷಣೆಯ ಪ್ರಶ್ನೆ. ಎಡಗಾಲಿನವು ಎಷ್ಟು, ಬಲಗಾಲಿನವು ಎಷ್ಟು ಎಂಬುದು ನಮ್ಮ ಪ್ರಶ್ನೆ. ಮೊದಲನೆಯ ಲೆಕ್ಕಕ್ಕೆ ಒಂದು ಚಪ್ಪಲಿ ಕಳೆದರೂ ಕುತ್ತು. ಎರಡನೆಯದಕ್ಕೆ, ಯಾರಾದರೂ ಕಣ್ಣುಮುಚ್ಚಿ ಅರ್ಧ ರಾಶಿಯನ್ನೇ ಹೊತ್ತೊಯ್ದರೂ ಪ್ರಮಾಣ ಹಾಗೆಯೇ ಉಳಿಯುತ್ತದೆ. ಆದರೆ ಹೊತ್ತೊಯ್ಯುವವನು ಎಡಗಾಲಿನವನ್ನೇ ಆರಿಸಿದರೆ ಲೆಕ್ಕ ಕೆಟ್ಟಿತು. ಮೂಲೆಯಲ್ಲೊಬ್ಬ ಕುಳಿತು ಎಡದ್ದನ್ನು ಬಲದ್ದಾಗಿ ಹೊಲಿಯುತ್ತಿದ್ದರೂ ಕೆಟ್ಟಿತು. ಬೇರೆಲ್ಲಿಂದಲೋ ಬಂದ ಬೂಟನ್ನು ನಾವೇ ಬಲಗಾಲಿನ ಚಪ್ಪಲಿಯೆಂದು ಎಣಿಸಿಕೊಂಡರೂ ಕೆಟ್ಟಿತು.

ಕೈರಲ್ ಮಾದರಿ ತಯಾರಿಕೆಯ ತಪ್ಪುಗಳೆಲ್ಲ ಈ ಮೂರರಲ್ಲಿ ಒಂದಾಗಿರುತ್ತವೆ. ಆದ್ದರಿಂದ ಬೇರೆ ಕಡೆ ನಾವು ಹೆದರುವ ಸಂಗತಿಗೆ, ಅಂದರೆ ಮಾದರಿ ಸ್ವಲ್ಪ ಚೆಲ್ಲಿಹೋಗುವುದಕ್ಕೆ, ಇಲ್ಲಿ ಅಷ್ಟು ಹೆದರಬೇಕಿಲ್ಲ. ಬೇರೆ ಕಡೆ ಗಮನಿಸದೆ ಬಿಡುವ ಸಂಗತಿಗೆ, ಅಂದರೆ ಶೀಶೆಯ ತಳದಲ್ಲಿ ಉಳಿದ ನಾಲ್ಕು ಹರಳುಗಳಿಗೆ, ಹೆದರಬೇಕು.

ಅಂದಹಾಗೆ, ಗ್ರೀಕ್ ಭಾಷೆಯಲ್ಲಿ 'ಖೈರ್' ಎಂದರೆ ಕೈ. ಲಾರ್ಡ್ ಕೆಲ್ವಿನ್ 'ಕೈರಲ್' ಎಂಬ ಪದವನ್ನು ಅದರಿಂದ ಕಟ್ಟಿದರು. ಕನ್ನಡಿಗರ ಕಿವಿಗೆ ಆ ಪದ ಅರ್ಧ ಪರಿಚಿತವಾಗಿಯೇ ಕೇಳುವುದು ಬರಿಯ ಕಾಕತಾಳೀಯ. ಆದರೂ ತರಗತಿಯಲ್ಲಿ ಇದರಿಂದ ನನಗೆ ಬಹಳ ಉಪಕಾರವಾಗಿದೆ.

ಫಲಿತಾಂಶದಲ್ಲಿ ಬರೆಯುವ 'ಇ.ಇ.' ಎಂದರೇನು?

ಎನಾಂಶಿಯೋಮರಿಕ್ ಎಕ್ಸೆಸ್. ಎನಾಂಶಿಯೋಮರ್ ಎಂದರೆ ಒಂದು ಕೈಯ ರೂಪ. ಒಂದು ಕೈಯ ಅಣುಗಳ ಶೇಕಡಾವಾರಿನಿಂದ ಇನ್ನೊಂದು ಕೈಯದನ್ನು ಕಳೆದರೆ ಬರುವ ಸಂಖ್ಯೆ. 99 ಮತ್ತು 1 ಇದ್ದರೆ ಇ.ಇ. ಶೇ 98. ಎರಡೂ ಸಮಸಮವಾಗಿದ್ದರೆ ಸೊನ್ನೆ. ಅದೇ ರೆಸೆಮಿಕ್ ಮಿಶ್ರಣ. ವರದಿಯಲ್ಲಿ 'ಶುದ್ಧತೆ ಶೇ 98' ಎಂದಷ್ಟೇ ಬರೆಯಬೇಡಿ. ಅದು 99:1 ಎಂದೋ 98:2 ಎಂದೋ ಓದುವವರಿಗೆ ತಿಳಿಯುವುದಿಲ್ಲ.

ನನ್ನ ಬಳಿ ಶುದ್ಧ ಎಸ್ ರೂಪವಿದೆ (ಎರಡು ಕೈಗಳಿಗೆ ಆರ್, ಎಸ್ ಎಂದು ಹೆಸರು). ರೆಸೆಮಿಕ್ ಮಾದರಿಯನ್ನೂ ಏಕೆ ತಯಾರಿಸಬೇಕು?

ಇದನ್ನು ಬಿಟ್ಟು ಮುಂದೆ ಹೋಗಲು ನಾನು ಯಾರಿಗೂ ಒಪ್ಪಿಗೆ ಕೊಡುವುದಿಲ್ಲ. ಕಾಲಂನಲ್ಲಿ ಒಂದೇ ಪೀಕ್, ಅಂದರೆ ನಕ್ಷೆಯಲ್ಲಿ ಒಂದೇ ಏರು, ಬಂದಿತೆಂದರೆ ನಿಮ್ಮ ವಸ್ತು ಶುದ್ಧವಾಗಿರಬಹುದು. ಆ ಕಾಲಂ ಎರಡು ಕೈಗಳನ್ನು ಬೇರ್ಪಡಿಸಲಾರದೆ ಒಟ್ಟಿಗೇ ಹೊರಹಾಕಿರಲೂಬಹುದು. ರೆಸೆಮಿಕ್ ಮಾದರಿ ಎರಡು ಪೀಕ್ ತೋರಿಸಿದ ಮೇಲೆಯೇ ಆ ಒಂಟಿ ಪೀಕ್‌ಗೆ ಬೆಲೆ.

ಇನ್ನೂ ಒಂದು ಉಪಯೋಗವಿದೆ. ರೆಸೆಮಿಕ್ ಮಾದರಿಯ ಎರಡು ಪೀಕ್‌ಗಳ ವಿಸ್ತೀರ್ಣ 50:50 ಬರಲೇಬೇಕು. ಪ್ರಕೃತಿ ಅಷ್ಟು ಕರಾರುವಾಕ್ಕು. 53:47 ಬಂದರೆ ಒಂದರ ಕೆಳಗೆ ಯಾವುದೋ ಕಲ್ಮಶ ಅಡಗಿದೆ, ಇಲ್ಲವೇ ಬೇಸ್‌ಲೈನ್ ಎಳೆದದ್ದು ಸರಿಯಿಲ್ಲ, ಇಲ್ಲವೇ ಡಿಟೆಕ್ಟರ್ ತುಂಬಿ ಹೋಗಿದೆ. ತಪ್ಪನ್ನು ಇಷ್ಟು ಅಗ್ಗವಾಗಿ ತೋರಿಸಿಕೊಡುವ ಪರೀಕ್ಷೆ ರಸಾಯನಶಾಸ್ತ್ರದಲ್ಲಿ ಇನ್ನೊಂದಿರಲಿಕ್ಕಿಲ್ಲ.

ಎರಡೂ ಕೈಗಳು ಪ್ರತ್ಯೇಕವಾಗಿ ಸಿಗುವುದಾದರೆ ತೂಗಿ ಬೆರೆಸಿ. ಸಿಗದಿದ್ದರೆ ಕೈರಲ್ ಅಲ್ಲದ ವೇಗವರ್ಧಕದಿಂದ ಅಥವಾ ಕಾರಕದಿಂದ ಅದೇ ಕ್ರಿಯೆಯನ್ನು ಮತ್ತೊಮ್ಮೆ ನಡೆಸಿ. ಉದಾಹರಣೆಗೆ, ಕೀಟೋನ್‌ನಿಂದ ಆಲ್ಕೋಹಾಲ್ ಮಾಡುತ್ತಿದ್ದರೆ ಸೋಡಿಯಂ ಬೋರೋಹೈಡ್ರೈಡ್ ಸಾಕು. ಹದಿನೈದು ನಿಮಿಷದ ಕೆಲಸ.

ಮಾದರಿಯನ್ನು ಯಾವ ದ್ರಾವಕದಲ್ಲಿ ಕರಗಿಸಬೇಕು?

ಸಾಧ್ಯವಾದರೆ ಮೊಬೈಲ್ ಫೇಸ್‌ನಲ್ಲಿಯೇ, ಅಂದರೆ ಕಾಲಂ ಮೂಲಕ ಹರಿಯುವ ದ್ರಾವಕದಲ್ಲಿಯೇ. ಆಗದಿದ್ದರೆ ಅದರಲ್ಲಿರುವ ಆಲ್ಕೋಹಾಲ್‌ನಲ್ಲಿ. 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸದ ಸಾಮಾನ್ಯ ಕಾಲಂಗೆ ಮಿಲಿಲೀಟರಿಗೆ 1 ಮಿಲಿಗ್ರಾಂ ಸಾಂದ್ರತೆ, 5ರಿಂದ 10 ಮೈಕ್ರೋಲೀಟರ್ ಇಂಜೆಕ್ಷನ್ ಒಳ್ಳೆಯ ಆರಂಭ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸೆಲ್ಯುಲೋಸ್ ಅಥವಾ ಅಮೈಲೋಸ್‌ನ ಕಾರ್ಬಮೇಟ್ ಕಾಲಂಗಳು. ಇವುಗಳ ಹಿಂದೆ ಜಪಾನಿನ ಯೋಶಿಯೋ ಒಕಾಮೊಟೊ ಅವರ ಕೆಲಸವಿದೆ. ಇವುಗಳಲ್ಲಿ ಎರಡು ಬಗೆ. ಒಂದರಲ್ಲಿ ಆ ಪಾಲಿಮರ್ ಅನ್ನು ಸಿಲಿಕಾ ಕಣಗಳ ಮೇಲೆ ಬರಿದೆ ಲೇಪಿಸಿರುತ್ತಾರೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಇನ್ನೊಂದರಲ್ಲಿ ರಾಸಾಯನಿಕವಾಗಿ ಬಂಧಿಸಿರುತ್ತಾರೆ. ಲೇಪಿತ ಕಾಲಂಗೆ ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್, ಈಥೈಲ್ ಅಸಿಟೇಟ್, ಅಸಿಟೋನ್, ಟಿಎಚ್‌ಎಫ್, ಡಿಎಂಎಫ್, ಡಿಎಂಎಸ್‌ಒ ಇವೆಲ್ಲ ವಿಷ. ಮೊಬೈಲ್ ಫೇಸ್‌ನಲ್ಲಿ ಅಷ್ಟೇ ಅಲ್ಲ, ಮಾದರಿಯಲ್ಲಿಯೂ ಇರಕೂಡದು. ಪಾಲಿಮರ್ ಊದಿಕೊಂಡು ಕರಗಿ ಹೊರಟುಹೋಗುತ್ತದೆ.

ನಾನು ಕಲಿತದ್ದು ದುಬಾರಿ ದಾರಿಯಲ್ಲಿ. ಕಾಲಂ ಕ್ರೊಮ್ಯಾಟೋಗ್ರಫಿಯಿಂದ ಬಂದ ಭಾಗವನ್ನು ರೋಟರಿ ಆವಿಕಾರಕದಲ್ಲಿ ಒಣಗಿಸಿದ್ದೇನೆಂದು ನಂಬಿ, ಎಣ್ಣೆಯಂಥ ಉಳಿಕೆಯನ್ನು ಹೆಕ್ಸೇನ್ ಮತ್ತು ಐಸೊಪ್ರೊಪನಾಲ್‌ನಲ್ಲಿ ಕರಗಿಸಿ ದಿನಕ್ಕೆ ಹತ್ತಾರು ಇಂಜೆಕ್ಷನ್ ಹಾಕಿದೆ. ಆ ಎಣ್ಣೆ ಈಥೈಲ್ ಅಸಿಟೇಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ವಾರ ಕಳೆಯುವಷ್ಟರಲ್ಲಿ ಎರಡು ಪೀಕ್‌ಗಳು ಹತ್ತಿರ ಸರಿದು, ಒಂದು ದಿನ ಒಂದಾದವು. ಲಕ್ಷ ರೂಪಾಯಿಯ ಆಸುಪಾಸಿನ ಕಾಲಂ ಅದು. ಅಂದಿನಿಂದ ಕೊನೆಯ ಹಂತದಲ್ಲಿ ಐಸೊಪ್ರೊಪನಾಲ್ ಹಾಕಿ ಎರಡು ಸಲ ಆವಿ ಮಾಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ.

ಬಂಧಿತ ಕಾಲಂಗಳು ಈ ದ್ರಾವಕಗಳನ್ನು ತಡೆದುಕೊಳ್ಳುತ್ತವೆ. ಆದರೂ ಮೊಬೈಲ್ ಫೇಸ್‌ಗಿಂತ ಬಹಳ ಪ್ರಬಲವಾದ ದ್ರಾವಕದಲ್ಲಿ 20 ಮೈಕ್ರೋಲೀಟರ್ ಹಾಕಿದರೆ ಪೀಕ್ ಸೀಳುತ್ತದೆ. ಹೊಸಬರು ಆ ಸೀಳನ್ನೇ ಎರಡು ಎನಾಂಶಿಯೋಮರ್‌ಗಳೆಂದು ಓದಿ ಸಂಭ್ರಮಿಸಿದ್ದನ್ನು ನೋಡಿದ್ದೇನೆ.

ನನ್ನದು ಹೈಡ್ರೋಕ್ಲೋರೈಡ್ ಲವಣ. ಹೆಕ್ಸೇನ್‌ನಲ್ಲಿ ಕರಗುವುದಿಲ್ಲ.

ಕರಗುವುದೂ ಇಲ್ಲ. ಮೊದಲು ಎಥನಾಲ್‌ನಲ್ಲಿ ಸಾಂದ್ರವಾಗಿ ಕರಗಿಸಿ, ನಂತರ ಮೊಬೈಲ್ ಫೇಸ್‌ನಿಂದ ದುರ್ಬಲಗೊಳಿಸಿ. ಅಮೈನ್‌ಗಳಿಗೆ ಮೊಬೈಲ್ ಫೇಸ್‌ನಲ್ಲಿ ಶೇ 0.1 ಡೈಈಥೈಲಮೈನ್, ಆಮ್ಲಗಳಿಗೆ ಶೇ 0.1 ಟ್ರೈಫ್ಲೋರೋಅಸಿಟಿಕ್ ಆಮ್ಲ ಸೇರಿಸುವುದು ರೂಢಿ. ಮಾದರಿಗೂ ಚೂರು ಡೈಈಥೈಲಮೈನ್ ಹಾಕಿದರೆ ಲವಣ ಬಿಟ್ಟು ಮುಕ್ತ ಅಮೈನ್ ಆಗಿ ಸುಲಭವಾಗಿ ಕರಗುತ್ತದೆ. ಕಾಲಂಗೆ ನೆನಪಿನ ಶಕ್ತಿ ಇದೆ, ಅದು ಗೊತ್ತಿರಲಿ. ನಿನ್ನೆ ಆಮ್ಲ ಕುಡಿದ ಕಾಲಂ ಇಂದು ಅಮೈನ್‌ಗೆ ಬೇರೆಯೇ ಥರ ವರ್ತಿಸಬಹುದು. ಎರಡಕ್ಕೂ ಬೇರೆ ಬೇರೆ ಕಾಲಂ ಇಡುವುದು ಮೇಲು.

ಹೆಕ್ಸೇನ್ ಸೇರಿಸಿದಾಗ ದ್ರಾವಣ ಮಂಜಾಯಿತೇ? ಹಾಗಿದ್ದರೆ ಮುಂದಿನ ಉತ್ತರ ನಿಮಗಾಗಿಯೇ.

ಮಾದರಿ ಪೂರ್ತಿ ಕರಗಲಿಲ್ಲ. ಮೇಲಿನ ತಿಳಿಯನ್ನು ಸೋಸಿ ಹಾಕಬಹುದೇ?

ಬೇಡ. ದಯವಿಟ್ಟು ಬೇಡ. ಕೈರಲ್ ಕೆಲಸದಲ್ಲಿ ಅತಿ ನಿರಪಾಯಕಾರಿಯಾಗಿ ಕಾಣುವ, ಅತಿ ಹೆಚ್ಚು ಹಾನಿ ಮಾಡುವ ತಪ್ಪು ಇದು.

ಬಹುಪಾಲು ಕೈರಲ್ ವಸ್ತುಗಳು ಘನರೂಪದಲ್ಲಿ 'ರೆಸೆಮಿಕ್ ಸಂಯುಕ್ತ'ವಾಗಿ ಹರಳುಗಟ್ಟುತ್ತವೆ. ಎಡ ಮತ್ತು ಬಲ ಅಣುಗಳು ಒಂದೇ ಹರಳಿನಲ್ಲಿ ಜೋಡಿಜೋಡಿಯಾಗಿ ಕುಳಿತಿರುತ್ತವೆ. ಚಪ್ಪಲಿಯ ರಾಶಿಗೇ ಮರಳುವುದಾದರೆ, ಕೆಲವು ಜೊತೆಗಳನ್ನು ದಾರದಿಂದ ಕಟ್ಟಿಟ್ಟಿದ್ದಾರೆ, ಉಳಿದ ಒಂಟಿ ಎಡಗಾಲಿನವು ಬಿಡಿಯಾಗಿವೆ. ಮಳೆ ನೀರು ಹರಿದರೆ ಬಿಡಿಯಾದವು ತೇಲಿ ಹೋಗುತ್ತವೆ, ಕಟ್ಟಿಟ್ಟ ಜೊತೆಗಳು ಅಲ್ಲಿಯೇ ಉಳಿಯುತ್ತವೆ. ನೀವು ಹರಿದು ಬಂದ ನೀರಿನಲ್ಲಿ ಮಾತ್ರ ಎಣಿಸಿದರೆ ಊರಿನ ಚಪ್ಪಲಿಯೆಲ್ಲ ಎಡಗಾಲಿನದೇ ಎಂದು ವರದಿ ಬರೆಯುತ್ತೀರಿ. ವಸ್ತುವಿನ ಗುಣಕ್ಕೆ ತಕ್ಕಂತೆ ಇದು ತಿರುಗುಮುರುಗಾಗಿಯೂ ನಡೆಯಬಹುದು.

ಇದರ ಅತಿಶಯದ ಉದಾಹರಣೆ ಸೆರಿನ್ ಎಂಬ ಅಮೈನೋ ಆಮ್ಲ. ಅದನ್ನು ನೀರಿನಲ್ಲಿ ಅರೆಬರೆ ಕರಗಿಸಿದಾಗ, ಘನದಲ್ಲಿ ಒಂದು ಕೈ ಕೊಂಚವೇ ಹೆಚ್ಚಿದ್ದರೂ ಮೇಲಿನ ದ್ರಾವಣದ ಇ.ಇ. ಶೇ 99ನ್ನು ಮುಟ್ಟುತ್ತದೆ ಎಂದು 2006ರಲ್ಲಿ ಡೋನಾ ಬ್ಲ್ಯಾಕ್‌ಮಂಡ್ ಅವರ ತಂಡ ತೋರಿಸಿತು. ಭೂಮಿಯ ಮೇಲಿನ ಜೀವ ಒಂದೇ ಕೈಯನ್ನು ಹೇಗೆ ಆರಿಸಿಕೊಂಡಿತು ಎಂದು ಚಿಂತಿಸುವವರಿಗೆ ಅದು ರೋಮಾಂಚನದ ಸುದ್ದಿ. ಮಾದರಿ ತಯಾರಿಸುವ ನಮಗೆ ಅದೊಂದು ದುಃಸ್ವಪ್ನ.

ಆದ್ದರಿಂದ ಕೊನೆಯ ಕಣವೂ ಕರಗುವವರೆಗೆ ದ್ರಾವಕ ಹೆಚ್ಚಿಸಿ, ಬೆಚ್ಚಗೆ ಮಾಡಿ, ಸೋನಿಕೇಟರ್‌ನಲ್ಲಿಡಿ. ಸೋಸುವುದು ಧೂಳಿಗಾಗಿಯೇ ಹೊರತು ಕರಗದ ಮಾದರಿಯನ್ನು ಮರೆಮಾಚುವುದಕ್ಕಲ್ಲ. ಫ್ರಿಜ್‌ನಲ್ಲಿಟ್ಟ ದ್ರಾವಣವನ್ನು ಇಂಜೆಕ್ಟ್ ಮಾಡುವ ಮುನ್ನ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಹರಳು ಕೂತಿದ್ದರೆ ಮತ್ತೆ ಕರಗಿಸಿ.

ದೊಡ್ಡ ಬ್ಯಾಚಿನಿಂದ ಚಿಟಿಕೆಯಷ್ಟು ತೆಗೆದರೆ ಸಾಕಲ್ಲವೇ?

ಎಲ್ಲಿಂದ ತೆಗೆದಿರಿ ಎಂಬುದರ ಮೇಲೆ ನಿಂತಿದೆ. 1848ರಲ್ಲಿ ಲೂಯಿ ಪಾಶ್ಚರ್ ಸೋಡಿಯಂ ಅಮೋನಿಯಂ ಟಾರ್ಟ್ರೇಟ್‌ನ ಹರಳುಗಳನ್ನು ಒಂದೊಂದಾಗಿ ಆರಿಸಿ ಎಡ ಬಲಗಳನ್ನು ಬೇರ್ಪಡಿಸಿದ್ದು ನೆನಪಿದೆಯಲ್ಲ? ಅಂಥ ವಸ್ತುವಿನಲ್ಲಿ ಪ್ರತಿ ಹರಳೂ ಒಂದೇ ಕೈಯದು. ಚಿಟಿಕೆಯಲ್ಲಿ ನಾಲ್ಕು ದಪ್ಪ ಹರಳು ಬಂದರೆ ನಿಮ್ಮ ಫಲಿತಾಂಶ ಜೂಜಾಟವಾಗುತ್ತದೆ. ಇಡೀ ಬ್ಯಾಚನ್ನು ಅರೆದು, ಕಲಸಿ, ನಂತರ ತೆಗೆಯಿರಿ. ವಿದ್ಯಾರ್ಥಿಗಳಾದರೆ ಫ್ಲಾಸ್ಕ್‌ನಲ್ಲಿರುವ ಎಲ್ಲವನ್ನೂ ಕರಗಿಸಿ ಆ ದ್ರಾವಣದಿಂದ ಒಂದು ಹನಿ ತೆಗೆಯುವುದು ಇನ್ನೂ ನಂಬಿಕೆಯ ದಾರಿ.

ಮರುಹರಳುಗಟ್ಟಿಸಿದ ಮೇಲೆ ಅಳೆದ ಇ.ಇ. ನಿಮ್ಮ ವೇಗವರ್ಧಕದ್ದಲ್ಲ, ಮರುಹರಳುಗಟ್ಟುವಿಕೆಯದು. ಪ್ರಬಂಧದಲ್ಲಿ ಎರಡನ್ನೂ ಪ್ರತ್ಯೇಕವಾಗಿ ಬರೆಯಿರಿ.

ಸಾಮಾನ್ಯ ಸಿಲಿಕಾ ಕಾಲಂ ಕೈರಲ್ ಅಲ್ಲ. ಅದರಲ್ಲಿ ಶುದ್ಧೀಕರಿಸಿದರೆ ಪ್ರಮಾಣ ಬದಲಾಗುವುದಿಲ್ಲ, ಅಲ್ಲವೇ?

ಬದಲಾಗಬಾರದು ಎಂದೇ ನಾವೆಲ್ಲ ಓದಿದ್ದೆವು. ಆದರೆ ಬದಲಾಗುತ್ತದೆ. ರೆಸೆಮಿಕ್ ಅಲ್ಲದ ಮಿಶ್ರಣದಲ್ಲಿ ಅಣುಗಳು ಪರಸ್ಪರ ಅಂಟಿಕೊಂಡು ಜೋಡಿಗಳಾದಾಗ, ಎಡ–ಎಡ ಜೋಡಿ ಮತ್ತು ಎಡ–ಬಲ ಜೋಡಿ ಎರಡು ಬೇರೆಯೇ ವಸ್ತುಗಳಂತೆ ನಡೆದುಕೊಳ್ಳುತ್ತವೆ. ಹೀಗಾಗಿ ಬ್ಯಾಂಡಿನ ಮುಂದಿನ ತುದಿಯ ಇ.ಇ. ಒಂದು, ಹಿಂದಿನ ತುದಿಯದು ಇನ್ನೊಂದು. ಅಮೈಡ್‌ಗಳು, ಸಲ್ಫಾಕ್ಸೈಡ್‌ಗಳು, ಫ್ಲೋರಿನ್ ಇರುವ ಅಣುಗಳು ಈ ಆಟದಲ್ಲಿ ಮುಂದು. ಫ್ಲೋರಿನ್ ಇರುವ ಕೆಲವು ವಸ್ತುಗಳು ರಾತ್ರಿಯಿಡೀ ನಿರ್ವಾತ ಪಂಪಿನಲ್ಲಿ ಒಣಗಿಸುವಾಗ ಭಾಗಶಃ ಉತ್ಪತನಗೊಂಡು, ಅದರಿಂದಲೂ ಪ್ರಮಾಣ ಕೆಡುತ್ತದೆ.

ಪರಿಹಾರ ಸರಳ. ಉತ್ಪನ್ನವಿರುವ ಎಲ್ಲ ಟ್ಯೂಬ್‌ಗಳನ್ನೂ ಒಟ್ಟುಗೂಡಿಸಿದ ಮೇಲೆ ಮಾದರಿ ತೆಗೆಯಿರಿ. ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಪ್ಲೇಟಿನಿಂದ ಕೆರೆಯುವುದಾದರೆ ಇಡೀ ಪಟ್ಟಿಯನ್ನು ಕೆರೆಯಿರಿ. 'ಅತ್ಯಂತ ಶುದ್ಧವಾಗಿ ಕಂಡ ನಡುವಿನ ಟ್ಯೂಬ್' ಎಂಬ ಆಯ್ಕೆಯೇ ಅಪಾಯ.

ಶೀಶೆಯಲ್ಲಿ ಕಾಯುತ್ತಿರುವಾಗ ಮಾದರಿಯ ಕೈ ಬದಲಾಗುತ್ತದೆಯೇ?

ಕೆಲವು ವಸ್ತುಗಳಲ್ಲಿ ಖಂಡಿತ. ಕೈರಲ್ ಇಂಗಾಲದ ಮೇಲೊಂದು ಹೈಡ್ರೋಜನ್ ಇದ್ದು, ಪಕ್ಕದಲ್ಲಿ ಕಾರ್ಬೊನಿಲ್ ಅಥವಾ ಸಯನೈಡ್ ಇದ್ದರೆ ಸಂಶಯದಿಂದಲೇ ನೋಡಿ. ಗರ್ಭಿಣಿಯರು ನುಂಗಿ ಮಕ್ಕಳು ಅಂಗವಿಕಲರಾಗಿ ಹುಟ್ಟಿದ ದುರಂತದಿಂದ ಹೆಸರಾದ ಥ್ಯಾಲಿಡೋಮೈಡ್ ಔಷಧ ಈ ಗುಂಪಿನದು. ದೇಹದ ಉಷ್ಣತೆ ಮತ್ತು ಪಿಎಚ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಒಂದು ಕೈ ಇನ್ನೊಂದಾಗುತ್ತದೆ. 'ಸುರಕ್ಷಿತ ರೂಪವನ್ನು ಮಾತ್ರ ಕೊಟ್ಟಿದ್ದರೆ ದುರಂತ ತಪ್ಪುತ್ತಿತ್ತು' ಎಂದು ಈಗಲೂ ತರಗತಿಗಳಲ್ಲಿ ಹೇಳುತ್ತಾರೆ. ಕೊಟ್ಟ ರೂಪ ದೇಹದಲ್ಲಿಯೇ ಇನ್ನೊಂದಾಗುವುದರಿಂದ ಆ ಮಾತಿನಲ್ಲಿ ಹುರುಳಿಲ್ಲ. ರೋಗಿಯ ರಕ್ತದಲ್ಲಿ ಅದನ್ನು ಅಳೆಯುವಾಗ, ತೆಗೆದ ಕೂಡಲೇ ಸಿಟ್ರೇಟ್ ಬಫರ್‌ನಿಂದ ಆಮ್ಲೀಯವಾಗಿಸಿ ಹೆಪ್ಪುಗಟ್ಟಿಸುತ್ತಾರೆ. ಅಳತೆಗಿಂತ ಮೊದಲೇ ಉತ್ತರ ಅಳಿಸಿಹೋಗದಿರಲಿ ಎಂದು.

ಪೈರೆಥ್ರಾಯ್ಡ್ ಕೀಟನಾಶಕಗಳು ಇನ್ನೊಂದು ಉದಾಹರಣೆ. ಸೈಪರ್‌ಮೆಥ್ರಿನ್‌ಗೆ ಎಂಟು ಸ್ಟೀರಿಯೋ ರೂಪಗಳಿವೆ, ಡೆಲ್ಟಾಮೆಥ್ರಿನ್ ಅಂಥ ಎಂಟರಲ್ಲಿ ಆರಿಸಿದ ಒಂದೇ ರೂಪ. ಇವುಗಳನ್ನು ಮೆಥನಾಲ್‌ನಲ್ಲಿ ಕರಗಿಸಿಟ್ಟರೆ ಸಯನೋ ಗುಂಪಿನ ಇಂಗಾಲ ನಿಧಾನವಾಗಿ ತಿರುಗುತ್ತದೆ. ಹೆಕ್ಸೇನ್‌ನಲ್ಲಿಟ್ಟರೆ ತೆಪ್ಪಗಿರುತ್ತವೆ. ಮೆಥನಾಲ್ ಅನಿವಾರ್ಯವಾದರೆ ಶೇ 0.1 ಅಸಿಟಿಕ್ ಆಮ್ಲ ಸೇರಿಸಿ.

ಹಾಗೆಂದು ಎಲ್ಲಕ್ಕೂ ಆಮ್ಲ ಸುರಿಯಬೇಡಿ. ಎಸೊಮೆಪ್ರಜೋಲ್‌ನ ಕೈರಲ್ ಕೇಂದ್ರ ಗಂಧಕ. ಅದು ಸುಲಭವಾಗಿ ತಿರುಗುವುದಿಲ್ಲ. ಆದರೆ ಆಮ್ಲ ಸೋಕಿದರೆ ಅಣುವೇ ಒಡೆದು ದ್ರಾವಣ ಬಣ್ಣಗೆಡುತ್ತದೆ. ಅದನ್ನು ಕ್ಷಾರೀಯವಾಗಿಯೇ ಇಡಬೇಕು. ಪ್ರತಿ ಅಣುವಿಗೂ ಅದರದೇ ಪಥ್ಯ.

ನಿಮ್ಮ ಅಣುವಿನ ಸ್ವಭಾವ ತಿಳಿಯದಿದ್ದರೆ ಒಂದೇ ಶೀಶೆಯಿಂದ ಈಗ, 4 ಗಂಟೆಯ ನಂತರ, 24 ಗಂಟೆಯ ನಂತರ ಇಂಜೆಕ್ಟ್ ಮಾಡಿ. ಸಂಖ್ಯೆ ಅಲುಗದಿದ್ದರೆ ನೆಮ್ಮದಿ. ಆಟೋಸ್ಯಾಂಪ್ಲರ್‌ನಲ್ಲಿ ನಲವತ್ತನೆಯ ಶೀಶೆ ತನ್ನ ಸರದಿಗೆ ಅಷ್ಟು ಹೊತ್ತು ಕಾಯುತ್ತದೆಂಬುದನ್ನು ಮರೆಯಬೇಡಿ.

ಪೆಪ್ಟೈಡ್‌ನಲ್ಲಿ ಡಿ-ಅಮೈನೋ ಆಮ್ಲ ಎಷ್ಟಿದೆ ಎಂದು ನೋಡಬೇಕು. ಜಲವಿಚ್ಛೇದನೆಯೇ ರೆಸೆಮೀಕರಣ ಮಾಡುತ್ತದಲ್ಲ?

ಮಾಡುತ್ತದೆ. ಅಮೈನೋ ಆಮ್ಲಗಳ ಎರಡು ಕೈಗಳನ್ನು ಎಲ್, ಡಿ ಎಂದು ಕರೆಯುತ್ತಾರೆ. ಪೆಪ್ಟೈಡನ್ನು ಬಿಡಿ ಅಮೈನೋ ಆಮ್ಲಗಳಾಗಿ ಒಡೆಯಲು 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಯಲ್ಲಿ 24 ಗಂಟೆ ಬೇಯಿಸುವುದು ಹಳೆಯ ಕ್ರಮ. ಆ ಅಡುಗೆಯಲ್ಲಿ ಎಲ್ ರೂಪದ ಸ್ವಲ್ಪ ಭಾಗ ಡಿ ಆಗಿಬಿಡುತ್ತದೆ. ಆಸ್ಪಾರ್ಟಿಕ್ ಆಮ್ಲ ಬೇಗ ಬಗ್ಗುತ್ತದೆ, ವ್ಯಾಲಿನ್ ಹಟಮಾರಿ.

ಜಾಣ ಉಪಾಯವೊಂದಿದೆ. ಸಾಮಾನ್ಯ ಆಮ್ಲದ ಬದಲು ಭಾರ ಜಲಜನಕದ (ಡ್ಯೂಟೀರಿಯಂನ) ಆಮ್ಲವನ್ನು ಭಾರಜಲದಲ್ಲಿ ಬಳಸುವುದು. ಬೇಯುವಾಗ ತಿರುಗಿದ ಪ್ರತಿ ಅಣುವೂ ತನ್ನ ಹೈಡ್ರೋಜನ್ ಕಳೆದುಕೊಂಡು ಡ್ಯೂಟೀರಿಯಂ ಎತ್ತಿಕೊಳ್ಳುತ್ತದೆ, ತೂಕ ಒಂದು ಏರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಆ ಭಾರದ ಡಿ ಅಣುಗಳನ್ನು ಬದಿಗಿಟ್ಟರೆ ಉಳಿದವು ಮೊದಲೇ ಇದ್ದವು. ಕಳ್ಳನ ಕೈಗೆ ಬಣ್ಣ ಹತ್ತುವಂತೆ ನೋಟಿನ ಕಟ್ಟಿಗೆ ಪುಡಿ ಸವರುತ್ತಾರಲ್ಲ, ಲೋಕಾಯುಕ್ತ ದಾಳಿಯ ಸುದ್ದಿಯಲ್ಲಿ ಓದುತ್ತೇವೆ, ಅದೇ ತಂತ್ರ.

ಕೈರಲ್ ಕಾರಕದೊಂದಿಗೆ ಕ್ರಿಯೆ ನಡೆಸಿ ಸಾಮಾನ್ಯ ಕಾಲಂನಲ್ಲಿ ಬೇರ್ಪಡಿಸುವುದು ಅಗ್ಗವಲ್ಲವೇ?

ಅಗ್ಗ, ಹಳೆಯದು, ಚೆನ್ನಾಗಿ ಮಾಡಿದರೆ ಈಗಲೂ ಉತ್ತಮ. ಆದರೆ ಎರಡು ಹಳ್ಳಗಳಿವೆ.

ಒಂದು, ಕಾರಕ ಸ್ವತಃ ಕೈರಲ್ ಆದ್ದರಿಂದ ನಿಮ್ಮ ಎರಡು ಕೈಗಳೊಂದಿಗೆ ಒಂದೇ ವೇಗದಲ್ಲಿ ವರ್ತಿಸುವುದಿಲ್ಲ. ಕ್ರಿಯೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ವೇಗದ ಕೈ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಕಾರಕ ಧಾರಾಳವಾಗಿರಲಿ, ಕ್ರಿಯೆ ಪೂರ್ತಿ ಮುಗಿಯಲಿ. ಇಲ್ಲಿಯೂ ರೆಸೆಮಿಕ್ ಮಾದರಿಯನ್ನು ಅದೇ ದಾರಿಯಲ್ಲಿ ನಡೆಸಿ 50:50 ಬರುತ್ತದೆಯೇ ನೋಡಿ. ಎರಡು, ಕಾರಕದಲ್ಲಿ ಅದರದೇ ವಿರುದ್ಧ ಕೈ ಶೇ 1 ಇದ್ದರೆ, ಅಪ್ಪಟ ಶುದ್ಧ ಮಾದರಿಯಲ್ಲಿಯೂ ಶೇ 1 ಕಲ್ಮಶ ಕಾಣುತ್ತದೆ. ತಕ್ಕಡಿಯೇ ವಾಲಿದ್ದರೆ ಚಿನ್ನವನ್ನು ದೂರಿ ಫಲವಿಲ್ಲ.

ಅಮೈನೋ ಆಮ್ಲಗಳಿಗೆ ಪೀಟರ್ ಮಾರ್ಫೆ 1984ರಲ್ಲಿ ಕೊಟ್ಟ ಕಾರಕ ಇಂದಿಗೂ ನನ್ನ ಮೆಚ್ಚಿನದು. ಮಾದರಿಗೆ ಅಸಿಟೋನ್‌ನಲ್ಲಿ ಕರಗಿಸಿದ ಶೇ 1 ಕಾರಕ ಮತ್ತು 1 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್ ಸೇರಿಸಿ 40 ಡಿಗ್ರಿಯಲ್ಲಿ ಒಂದು ಗಂಟೆ ಇಡಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ನಿಲ್ಲಿಸಿ, ಬೆಳಕು ಬೀಳದಂತೆ ಕಾಪಾಡಿ, ಸಾಮಾನ್ಯ ಸಿ-18 ಕಾಲಂನಲ್ಲಿ 340 ನ್ಯಾನೋಮೀಟರ್‌ನಲ್ಲಿ ನೋಡಿ. ಎಲ್ ಕಾರಕ ಬಳಸಿದರೆ ಸಾಮಾನ್ಯವಾಗಿ ಎಲ್ ಅಮೈನೋ ಆಮ್ಲ ಮೊದಲು, ಡಿ ನಂತರ.

ಇಂಥದೇ ಇನ್ನೊಂದು ಕೈರಲ್ ಕಾರಕವಾದ ಮೋಶರ್ ಆಮ್ಲದ ವಿಷಯದಲ್ಲಿ ಒಂದು ಗೊಂದಲ ಪ್ರತಿ ವರ್ಷ ಯಾರನ್ನಾದರೂ ಕೆಡವುತ್ತದೆ. ಆರ್ ಆಮ್ಲದಿಂದ ಮಾಡಿದ ಆಮ್ಲ ಕ್ಲೋರೈಡ್‌ನ ಹೆಸರು ಎಸ್! ಅಣು ತಿರುಗಿಲ್ಲ, ಹೆಸರಿಡುವ ನಿಯಮದಲ್ಲಿ ಕ್ಲೋರಿನ್‌ನಿಂದಾಗಿ ಆದ್ಯತೆಯ ಕ್ರಮ ಬದಲಾಗಿದೆ, ಅಷ್ಟೇ. ಬಾಟಲಿಯ ಮೇಲಿನ ಅಕ್ಷರವನ್ನು ಎರಡು ಸಲ ಓದಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಮೆಣಸು, ಮಣ್ಣು, ಮೊಸರು: ಇಂಥ ಗೊಂದಲದ ಮಾದರಿಗಳನ್ನು ಏನು ಮಾಡುವುದು?

ಮಲೆನಾಡು ಮತ್ತು ಕೊಡಗಿನ ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಮೆಟಲಾಕ್ಸಿಲ್ ಇರುವ ಶಿಲೀಂಧ್ರನಾಶಕ ಹಾಕುತ್ತಾರೆ. ಅದರ ಆರ್ ರೂಪವೇ ಕೆಲಸ ಮಾಡುವುದು. ಒಣ ಮೆಣಸಿನ ಪುಡಿ 2 ಗ್ರಾಂ ತೆಗೆದುಕೊಂಡು 10 ಮಿ.ಲೀ. ನೀರಿನಲ್ಲಿ ನೆನೆಸಿ, ಅಸಿಟೋನೈಟ್ರೈಲ್‌ನಿಂದ ಕುಲುಕಿ, ಮೆಗ್ನೀಸಿಯಂ ಸಲ್ಫೇಟ್ ಮತ್ತು ಉಪ್ಪು ಹಾಕಿ ಪದರ ಬೇರ್ಪಡಿಸಿ, ಅಮೈನ್ ಗುಂಪಿರುವ ಹೀರಕ ಪುಡಿಯಿಂದ ಶುದ್ಧಗೊಳಿಸುವುದು ಈಗಿನ ರೂಢಿ. ಇಲ್ಲಿಯವರೆಗೆ ಯಾವ ಹಂತವೂ ಕೈರಲ್ ಅಲ್ಲ. ನಷ್ಟವಾದರೂ ಎರಡೂ ಕೈಗೆ ಸಮಾನ. ತೊಂದರೆ ಕೊಡುವುದು ಪೈಪರಿನ್. ಮೆಣಸಿನ ಆ ಖಾರದ ಅಣು ಯುವಿ ಬೆಳಕನ್ನು ಜೋರಾಗಿ ಹೀರುತ್ತದೆ. ಅದೋ ಅದರ ಬಂಧುಗಳೋ ಒಂದು ಕೈಯ ಪೀಕ್ ಕೆಳಗೆ ನುಸುಳಿದರೆ ಇ.ಇ. ಸುಳ್ಳಾಗುತ್ತದೆ. ಔಷಧಿ ಹೊಡೆಯದ ಮೆಣಸಿಗೆ ರೆಸೆಮಿಕ್ ಮೆಟಲಾಕ್ಸಿಲ್ ಬೆರೆಸಿ ಇದೇ ದಾರಿಯಲ್ಲಿ ನಡೆಸಿ. 50:50 ಬರದಿದ್ದರೆ ಯುವಿ ಬಿಟ್ಟು ಮಾಸ್ ಡಿಟೆಕ್ಟರ್ ಹಿಡಿಯಿರಿ.

ಮಣ್ಣಿನ ಮಾದರಿಗೆ ತೋಟದಲ್ಲಿಯೇ ಮಂಜುಗಡ್ಡೆ ಬೇಕು. ಸೂಕ್ಷ್ಮಜೀವಿಗಳ ಕಿಣ್ವಗಳು ಕೈ ನೋಡಿ ತಿನ್ನುತ್ತವೆ. ಮಣ್ಣಿನ ಪಿಎಚ್‌ಗೆ ತಕ್ಕಂತೆ ಮೆಟಲಾಕ್ಸಿಲ್‌ನ ಒಂದು ಕೈ ಇನ್ನೊಂದಕ್ಕಿಂತ ಬೇಗ ನಾಶವಾಗುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ಎರಡು ದಿನ ಬೆಚ್ಚಗೆ ಬಂದ ಮಣ್ಣು ತೋಟದ ಕತೆಯನ್ನು ಹೇಳುವುದಿಲ್ಲ, ಪ್ರಯಾಣದ ಕತೆ ಹೇಳುತ್ತದೆ.

ಮೊಸರಿನದೂ ಇದೇ ನ್ಯಾಯ. ಅದರಲ್ಲಿನ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಎಲ್ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್ ಡಿ ಮಾಡುತ್ತದೆ. ಮೇಜಿನ ಮೇಲಿಟ್ಟ ಮೊಸರು ಹುಳಿಯಾಗುತ್ತಲೇ ಪ್ರಮಾಣವೂ ಜರುಗುತ್ತದೆ. ತೆಗೆದ ತಕ್ಷಣ ಪರ್ಕ್ಲೋರಿಕ್ ಆಮ್ಲದಿಂದ ಪ್ರೋಟೀನನ್ನು ಒಡೆಸಿ, ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ತಟಸ್ಥಗೊಳಿಸಿ.

ಕಾಲಂಗೆ ತಕ್ಕಂತೆ ಮಾದರಿಯಲ್ಲಿ ಏನಿರಬಾರದು?

ಕ್ರೌನ್ ಈಥರ್ ಕಾಲಂ ಪ್ರಾಥಮಿಕ ಅಮೈನ್‌ಗಳಿಗೆ. ಅಮೈನ್ ಗುಂಪನ್ನು ಮುಚ್ಚಿದ್ದರೆ ಕೆಲಸ ಮಾಡುವುದಿಲ್ಲ. ಬಫರ್‌ನಲ್ಲಿ ಪೊಟ್ಯಾಸಿಯಂ ಇದ್ದರೆ ಆ ಕಿರೀಟದಲ್ಲಿ ಅದೇ ಹೋಗಿ ಕುಳಿತುಬಿಡುತ್ತದೆ. ತಾಮ್ರದ ಲವಣ ಹರಿಯುವ ಲಿಗ್ಯಾಂಡ್ ವಿನಿಮಯ ಕಾಲಂಗೆ ಲೋಹವನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ಇರುವ ಮಾದರಿ ಹಾಕಿದರೆ ತಾಮ್ರ ಕಿತ್ತು ಬರುತ್ತದೆ. ಹೆಕ್ಸೇನ್‌ನಲ್ಲಿ ನಡೆಯುವ ಕಾಲಂಗೆ ನೀರು ಬೇಡ. ಸೋಡಿಯಂ ಸಲ್ಫೇಟ್‌ನಿಂದ ಒಣಗಿಸಿ. ಫಿಲ್ಟರ್ 0.45 ಅಥವಾ 0.2 ಮೈಕ್ರಾನ್‌ನ ಪಿಟಿಎಫ್‌ಇ ಇರಲಿ.

ನಮ್ಮ ಕಾಲೇಜಿನಲ್ಲಿ ಪೋಲಾರಿಮೀಟರ್ ಮಾತ್ರ ಇದೆ. ಅದರಲ್ಲಿಯೇ ಇ.ಇ. ಅಳೆಯಬಹುದೇ?

ಅಂದಾಜು ಸಿಗುತ್ತದೆ. ಕೈರಲ್ ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂಬುದನ್ನು, ಅಂದರೆ ಅದರ ಭ್ರಮಣವನ್ನು, ಪೋಲಾರಿಮೀಟರ್ ಅಳೆಯುತ್ತದೆ. ಆದರೆ ಪೋಲಾರಿಮೀಟರ್‌ಗೆ ಮಾದರಿ ಮಾಡುವುದು ಎಚ್‌ಪಿಎಲ್‌ಸಿಗಿಂತ ಕಷ್ಟ, ಏಕೆಂದರೆ ಇಲ್ಲಿ ತೂಕ, ಪರಿಮಾಣ, ಉಷ್ಣತೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಉಳಿದ ದ್ರಾವಕ ಶೇ 5 ಇದ್ದರೆ ಸಂಖ್ಯೆ ಶೇ 5 ಕಡಿಮೆ. ಅತಿ ಹೆಚ್ಚು ಭ್ರಮಣವಿರುವ ಕಲ್ಮಶವೊಂದು ಶೇ 1 ಇದ್ದರೂ ಚಿತ್ರವೇ ಬೇರೆ. ಕೆಲವು ಆಮ್ಲಗಳಲ್ಲಿ ಭ್ರಮಣವೂ ಇ.ಇ.ಯೂ ನೇರ ಅನುಪಾತದಲ್ಲಿ ಇರುವುದಿಲ್ಲ. 1969ರಲ್ಲಿ ಫ್ರಾನ್ಸಿನ ಹೊರೋ ಅದನ್ನು ತೋರಿಸಿದರು.

ಸಕ್ಕರೆಗಳನ್ನು ಕರಗಿಸಿದ ತಕ್ಷಣ ಓದಬೇಡಿ. ಆಲ್ಫಾ ಗ್ಲೂಕೋಸ್‌ನ ಭ್ರಮಣ +112ರಿಂದ ಇಳಿಯುತ್ತ +52.7ಕ್ಕೆ ಬಂದು ನಿಲ್ಲುತ್ತದೆ. ಒಂದು ಹನಿ ಅಮೋನಿಯ ಹಾಕಿದರೆ ಬೇಗ ನಿಲ್ಲುತ್ತದೆ.

ನಮ್ಮ ರಾಜ್ಯದಲ್ಲಿ ಈ ಉಪಕರಣವನ್ನು ದಿನನಿತ್ಯ ದುಡಿಸಿಕೊಳ್ಳುವವರು ಸಕ್ಕರೆ ಕಾರ್ಖಾನೆಯವರು. ಮಂಡ್ಯವಿರಲಿ, ಬೆಳಗಾವಿಯಿರಲಿ, ಕಬ್ಬಿನ ರಸದ 'ಪೋಲ್' ಎಂದು ಅವರು ಕರೆಯುವುದು ಇದೇ ಭ್ರಮಣವನ್ನು. ಕಪ್ಪಗಿನ ರಸವನ್ನು ಸೀಸದ ಸಬ್‌ಅಸಿಟೇಟ್ ಹಾಕಿ ಸೋಸಿ ತಿಳಿಗೊಳಿಸುವ ಅವರ ಹಳೆಯ ಕ್ರಮ ಅಪ್ಪಟ ಮಾದರಿ ತಯಾರಿಕೆ. ಕಡಿದ ಕಬ್ಬು ಗಾಡಿಯಲ್ಲಿ ಒಣಗುತ್ತ ಕುಳಿತರೆ +66.5 ಇರುವ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್ −92ರ ಬಲದಿಂದ ಬೆಳಕನ್ನು ಎಡಕ್ಕೆ ಎಳೆಯುತ್ತದೆ, ಓದು ಕುಸಿಯುತ್ತದೆ. ಸಾಲಿನಲ್ಲಿ ನಿಂತ ಗಾಡಿಗಳ ರೈತರ ಸಿಟ್ಟಿಗೆ ಬೆಳಕಿನ ಭ್ರಮಣವೂ ಒಂದು ಕಾರಣ ಎಂದರೆ ತಪ್ಪಾಗದು.

ಎನ್‌ಎಂಆರ್ ಮತ್ತು ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ?

ಎನ್‌ಎಂಆರ್‌ನಲ್ಲಿ ಎರಡು ಕೈಗಳ ಸಂಕೇತಗಳನ್ನು ಬೇರ್ಪಡಿಸಲು ಯೂರೋಪಿಯಂ ಕಾರಕ ಬಳಸುವುದಾದರೆ ಮಾದರಿಯೂ ದ್ರಾವಕವೂ ಒಣಗಿರಲಿ; ನೀರು ಸಿಕ್ಕರೆ ಯೂರೋಪಿಯಂ ನಿಮ್ಮ ಅಣುವನ್ನು ಬಿಟ್ಟು ಅದನ್ನೇ ಹಿಡಿಯುತ್ತದೆ. ಹಳೆಯ ಡ್ಯೂಟೀರಿಯಂ ಕ್ಲೋರೋಫಾರ್ಮ್‌ನಲ್ಲಿ ಆಮ್ಲ ಇರುತ್ತದೆ, ಕ್ಷಾರೀಯ ಅಲ್ಯುಮಿನಾದ ಮೂಲಕ ಹರಿಸಿ. ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಸೈಕ್ಲೋಡೆಕ್ಸ್‌ಟ್ರಿನ್ ಕಾಲಂಗೆ ದುರ್ಬಲ ದ್ರಾವಣ ಸಾಕು. ಇಂಜೆಕ್ಟರಿನ ಬಿಸಿಯಲ್ಲಿಯೇ ಅಣು ತಿರುಗುತ್ತದೆಯೇ ಎಂದು ತಿಳಿಯಲು ಉಷ್ಣತೆಯನ್ನು 50 ಡಿಗ್ರಿ ಇಳಿಸಿ ಇನ್ನೊಮ್ಮೆ ನೋಡಿ.

ಶೇ 99.9 ಇ.ಇ. ಎಂದು ಧೈರ್ಯವಾಗಿ ಬರೆಯಲು ಏನು ಬೇಕು?

ಆಗ ಅಲ್ಪ ಕೈಯ, ಅಂದರೆ ಕಡಿಮೆ ಇರುವ ಕೈಯ, ಪ್ರಮಾಣ ಶೇ 0.05. ಅದು ನಿಜವಾಗಿ ಕಾಣುತ್ತದೆ ಎಂದು ಮೊದಲು ತೋರಿಸಬೇಕು. ಶುದ್ಧ ಮಾದರಿಗೆ ಅಷ್ಟೇ ಅಲ್ಪ ಕೈಯನ್ನು ಬೇಕೆಂದೇ ಬೆರೆಸಿ, ಪೀಕ್ ಬರುತ್ತದೆಯೇ ನೋಡಿ. ಖಾಲಿ ದ್ರಾವಕವನ್ನೂ ಒಮ್ಮೆ ಹಾಕಿ. ಹಿಂದಿನ ಮಾದರಿಯ ಉಳಿಕೆ ಸೂಜಿಯಲ್ಲಿ ಅಡಗಿರುತ್ತದೆ. ಅಲ್ಪ ಕೈ ಮೊದಲು ಹೊರಬರುವಂತೆ ಕಾಲಂ ಆರಿಸಿಕೊಳ್ಳಿ. ದೊಡ್ಡ ಪೀಕ್‌ನ ಬಾಲದ ಮೇಲೆ ಕುಳಿತ ಪುಟ್ಟ ಪೀಕ್‌ನ ವಿಸ್ತೀರ್ಣವನ್ನು ತಂತ್ರಾಂಶ ತನಗೆ ತೋಚಿದಂತೆ ಎಳೆಯುತ್ತದೆ.

ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುವಾಗ ಜೊತೆಗೆ ಏನೇನು ಬರೆಯಬೇಕು?

ಅಣುವಿನ ರಚನೆ, ಲವಣವೋ ಮುಕ್ತ ರೂಪವೋ, ಕೊನೆಯದಾಗಿ ಮುಟ್ಟಿದ ದ್ರಾವಕ ಯಾವುದು, ಮರುಹರಳುಗಟ್ಟಿಸಿದ್ದೀರಾ, ಶಾಖ ಅಥವಾ ಕ್ಷಾರಕ್ಕೆ ಅಂಜುತ್ತದೆಯೇ, ರೆಸೆಮಿಕ್ ಮಾದರಿ ಯಾವ ಶೀಶೆಯಲ್ಲಿದೆ. ಶೀಶೆಯ ಮೇಲೆ ಮಾರ್ಕರ್‌ನಿಂದ ಬರೆಯಬೇಡಿ, ಐಸೊಪ್ರೊಪನಾಲ್ ತಾಗಿದರೆ ಅಳಿಸಿಹೋಗುತ್ತದೆ. ಪೆನ್ಸಿಲಿನಿಂದ ಬರೆದ ಚೀಟಿ ಅಂಟಿಸಿ, ಮೇಲೆ ಪಾರದರ್ಶಕ ಟೇಪು ಸುತ್ತಿ. 'ಆರ್' ಮತ್ತು 'ಎಸ್' ಎಂದಷ್ಟೇ ಬರೆದ ಎರಡು ಶೀಶೆಗಳು ಒಮ್ಮೆ ನಮ್ಮ ಮೇಜಿಗೆ ಬಂದವು. 'ಆರ್' ಎಂದರೆ ಅವರ ಪ್ರಕಾರ ರೆಸೆಮಿಕ್, 'ಎಸ್' ಎಂದರೆ ಸ್ಯಾಂಪಲ್.